ಮೊದಲ ಹತ್ತು ಸಾಲು

"ಇದರ ಬಾಗಿಲು ಎಲ್ಲಿ ಹೋಯ್ತು?"

ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನನ್ನು ಕೇಳಿದ್ದಲ್ಲ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಹಾಗೆಯೇ ಕೇಳುತ್ತಿದ್ದಳು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ನಾನು ಅವಳ ಪುಸ್ತಕವನ್ನು ಅವಳಿಗೇ ಓದಿ ಹೇಳುತ್ತಿದ್ದೆ. ಮೊದಲ ಪುಟದ ನಾಲ್ಕು ಸಾಲು ಮುಗಿದಿತ್ತು, ಅಷ್ಟೆ.

"ಯಾವ ಬಾಗಿಲು ದೊಡ್ಡಮ್ಮ?" ಎಂದೆ, ಏನೂ ಗೊತ್ತಿಲ್ಲದವನ ಹಾಗೆ.

ಅವಳು ಎಡಗೈಯಿಂದ ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಪಾರ್ಶ್ವವಾಯು ಬಡಿದಾಗಿನಿಂದ ಬಲಗೈ ಸುಮ್ಮನೆ ಬಿದ್ದುಕೊಂಡಿದೆ. "ಮೊದಲಿಂದ ಓದು," ಎಂದಳು.

ಓದಿದೆ. ಅದೇ ನಾಲ್ಕು ಸಾಲು.

"ಮೊದಲಿಂದ ಅಂದ್ರೆ ಮೊದಲಿಂದ ಕಣೋ. ಮಧ್ಯದಿಂದ ಅಲ್ಲ."

ಹದಿನೈದು ದಿನದಿಂದ ಇದೇ ನಡೆದಿತ್ತು. ಪುಸ್ತಕದಲ್ಲಿ ಅದಕ್ಕಿಂತ ಮೊದಲಿನದು ಇರಲಿಲ್ಲ. ಇಲ್ಲದ ಹಾಗೆ ಮಾಡಿದವನು ನಾನು.

ಊರಿನ ಮಟ್ಟಿಗೆ ನಾನು ಸಾಹಿತಿ. ನನ್ನವೇ ನಾಲ್ಕು ಪುಸ್ತಕ, ಬೇರೆಯವರವು ಹದಿನೇಳು. ಪ್ರಕಾಶನ ಎಂದು ದೊಡ್ಡ ಹೆಸರಿಟ್ಟುಕೊಂಡದ್ದು ಮನೆಯ ಮುಂದಿನ ಕೋಣೆಯಲ್ಲಿದೆ: ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಕರಡು ತಿದ್ದುವ ಹೆಂಡತಿ, ಅವಳ ಕೆಂಪು ಪೆನ್ನು. ಯಾವ ಪುಸ್ತಕವಾದರೂ ಮುನ್ನೂರು ಪ್ರತಿ. ದೊಡ್ಡಮ್ಮನ ಪುಸ್ತಕದಲ್ಲಿ ನೂರ ಅರವತ್ತು ಪ್ರತಿ ಇನ್ನೂ ಪೆಟ್ಟಿಗೆಗಳಲ್ಲಿ ಅವಳ ಮಂಚದ ಕೆಳಗೇ ಇವೆ. "ತನ್ನ ಪುಸ್ತಕದ ಮೇಲೇ ಮಲಗಿದ್ದಾರೆ. ನಿಮಗೆ ಆ ಭಾಗ್ಯ ಇಲ್ಲ, ನಿಮ್ಮವು ಅಟ್ಟದಲ್ಲಿವೆ," ಎನ್ನುತ್ತಾಳೆ ಹೆಂಡತಿ.

ಶನಿವಾರ ಶನಿವಾರ ಗ್ರಂಥಾಲಯದ ಮಹಡಿಯಲ್ಲಿ ಕವಿತೆಯ ಕಮ್ಮಟ ನಡೆಸುತ್ತೇನೆ. ಅಲ್ಲಿ ನನ್ನದೊಂದು ನಿಯಮ ಪ್ರಸಿದ್ಧ. ಕವಿತೆ ಶುರುವಾಗುವ ಮೊದಲು ಕವಿ ಗಂಟಲು ಸರಿಮಾಡಿಕೊಳ್ಳುತ್ತಾನೆ, ಆದ್ದರಿಂದ ಮೊದಲ ಹತ್ತು ಸಾಲು ಹೊಡೆದುಹಾಕಿ, ಎಂದು ಹೇಳುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಮಾರನೆಯ ವಾರ ಎದ್ದು ನಿಂತು, "ಸಾರ್, ನೀವು ಹೇಳಿದ ಹಾಗೇ ಹೊಡೆದೆ. ಇದ್ದದ್ದೇ ಹನ್ನೊಂದು ಸಾಲು. ಈಗ ಉಳಿದಿರೋದು 'ಇಂತಿ ನಿಮ್ಮವನು' ಅನ್ನೋದೊಂದೇ," ಎಂದರು. ಮಹಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ದೊಡ್ಡಮ್ಮನ ಪುಸ್ತಕ ಅಚ್ಚಿಗೆ ಹೋಗಿ ಎರಡು ದಿನವಾಗಿತ್ತು.

ನನಗೆ ಬರವಣಿಗೆ ಬಂದದ್ದೇ ಕಿವಿಯಿಂದ. ಅಕ್ಷರ ಬಾರದ ದೊಡ್ಡಮ್ಮ ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ ಒಂದು ಕಥೆಯ ಹಾಡನ್ನು ಹೇಳುತ್ತಿದ್ದಳು. ದೇವರು ದಾರಿಹೋಕನಾಗಿ ಬಂದು ನೀರು ಕೇಳುತ್ತಾನೆ. ನಾಲ್ಕು ಮನೆಯವರು ಇಲ್ಲವೆನ್ನುತ್ತಾರೆ. ಐದನೆಯ ಮನೆಯಲ್ಲಿ ಇರುವುದು ಅರ್ಧ ತಂಬಿಗೆ ನೀರು, ಜ್ವರ ಬಂದ ಮಗುವಿಗೆಂದು ಇಟ್ಟದ್ದು. ಆ ತಾಯಿ ಏನು ಮಾಡಿದಳು ಎನ್ನುವುದಕ್ಕೆ ಇನ್ನೂರು ಚಿಲ್ಲರೆ ಸಾಲು. ನಾನು ಕಣ್ಣುಮುಚ್ಚಿ ಕೈಮುಗಿದು ಕೇಳುತ್ತಿದ್ದೆ. ಪ್ರತಿ ಸಲವೂ, ಈ ಸಲವಾದರೂ ಮೊದಲನೆಯ ಮನೆಯವಳೇ ನೀರು ಕೊಟ್ಟುಬಿಡಲಿ ದೇವರೇ, ಎಂದು ಬೇಡಿಕೊಳ್ಳುತ್ತಿದ್ದೆ.

ಆ ಹಾಡನ್ನು ದೊಡ್ಡಮ್ಮನಿಗೆ ಕಲಿಸಿದ್ದು ಗೋಡೆಯಾಚೆಯ ಮನೆಯ ಟೈಲರಮ್ಮ. ಮಷಿನ್ ತುಳಿಯುತ್ತ ಅವರು ಹೇಳುವುದು, ಗೋಡೆಗೆ ಕಿವಿಕೊಟ್ಟು ಇವಳು ಕಲಿಯುವುದು. ಅದಕ್ಕೇ ದೊಡ್ಡಮ್ಮ ಕಥೆಗೆ ಮೊದಲು ತಾನೇ ಕಟ್ಟಿದ ಕೆಲವು ಸಾಲು ಹೇಳುತ್ತಿದ್ದಳು: ಇದನ್ನು ನನಗೆ ಕೊಟ್ಟವಳು ಯಾರು, ಅವಳ ಕೈ ಎಂಥದ್ದು, ಕೊಟ್ಟ ದಿನ ಏನಾಗಿತ್ತು ಅಂತೆಲ್ಲ. ಅದನ್ನು ಬಾಗಿಲು ಎನ್ನುತ್ತಿದ್ದಳು. "ಬಾಗಿಲು ತೆಗೀದೆ ಒಳಗೆ ಹೋಗ್ತಾರೇನೋ, ಕಳ್ಳರ ಹಾಗೆ?" ಎಂದು ನನ್ನ ಅವಸರಕ್ಕೆ ಗದರಿಸುತ್ತಿದ್ದಳು.

ಈಗ ಹೇಳಲು ನಾಚಿಕೆಯಾಗುತ್ತದೆ. ಆ ಸಾಲುಗಳು ನಡೆಯುವಾಗ ನಾನು ನೀರು ಕುಡಿದು ಬರುತ್ತಿದ್ದೆ, ಚಾಪೆ ಎಳೆದುಕೊಳ್ಳುತ್ತಿದ್ದೆ, ಬಚ್ಚಲಿಗೆ ಹೋಗಿ ಬರುತ್ತಿದ್ದೆ. ದೇವರು ಬರುವ ಹೊತ್ತಿಗೆ ಸರಿಯಾಗಿ ಕೈಮುಗಿದು ಕೂತಿರುತ್ತಿದ್ದೆ. ಕಥೆಯ ಇನ್ನೂರು ಸಾಲೂ ಬಾಯಿಗೆ ಬರುತ್ತವೆ. ಬಾಗಿಲಿನ ಒಂದು ಸಾಲೂ ಬರುವುದಿಲ್ಲ, ಧಾಟಿ ಮಾತ್ರ ನೆನಪಿದೆ.

ಪುಸ್ತಕಕ್ಕೆಂದು ಬರೆದುಕೊಳ್ಳಲು ಕೂತ ದಿನ ಅವಳು ಗಂಟಲು ಸರಿಮಾಡಿಕೊಂಡು ಬಾಗಿಲಿನಿಂದಲೇ ಶುರುಮಾಡಿದಳು. "ಅದು ಬೇಡ ದೊಡ್ಡಮ್ಮ, ನೇರ ಕಥೆಗೇ ಬಾ," ಎಂದೆ. ಅವಳು ನನ್ನ ಮುಖ ನೋಡಿದಳು. ದನಿ ನಿಲ್ಲಿಸಿದಳು, ತುಟಿ ನಿಲ್ಲಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿಕೊಂಡು ನಾನು ಕಾದೆ. ತುಟಿಯಾಡುವುದು ನಿಂತ ಮೇಲೆ ಕಥೆ ಶುರುವಾಯಿತು. ಮುಚ್ಚಳ ತೆಗೆದು ಬರೆದುಕೊಂಡೆ.

ಎಲ್ಲ ಮುಗಿದ ಮೇಲೆ ಕೇಳಿದಳು, "ಬಾಗಿಲು ಬರ್ಕೊಂಡ್ಯಾ? ನಾಳೆ ಗೋಡೆಯಾಚೆಯೋಳು ಓದಿಸಿ ಕೇಳ್ತಾಳೆ."

"ಹೂಂ," ಎಂದೆ.

ಅಷ್ಟೇ ಮಾತು. ಆ 'ಹೂಂ' ಅನ್ನುವಾಗ ಎದೆ ನಡುಗಲಿಲ್ಲ. ಹಸಿವಾಗಿತ್ತು, ಊಟಕ್ಕೆ ಎದ್ದೆ.

ಬಿಡುಗಡೆಯ ವಾರವೇ ದೊಡ್ಡಮ್ಮ ಆಸ್ಪತ್ರೆ ಸೇರಿದಳು. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಕಾರ್ಯಕ್ರಮ ನಿಲ್ಲಿಸಲಿಲ್ಲ. ಗ್ರಂಥಾಲಯದ ಸಭಾಂಗಣದಲ್ಲಿ ನಲವತ್ತು ಕುರ್ಚಿ, ಇಪ್ಪತ್ತೆರಡು ಜನ. ಎರಡನೆಯ ಸಾಲಿನಲ್ಲಿ, ಇಸ್ತ್ರಿಯ ಗೆರೆ ಕಾಣುವ ಬಟ್ಟೆಯಲ್ಲಿ, ಟೈಲರಮ್ಮ. ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಂದಿದ್ದರು. ದೊಡ್ಡಮ್ಮನ ಬದಲಿಗೆ ನಾನೇ ಓದಿದೆ. ನಾನು ಪುಸ್ತಕ ತೆರೆದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೇಳುವುದಕ್ಕೆ ಕನ್ನಡಕ ಯಾಕೆ ಬೇಕಿತ್ತೋ. ದೇವರು ಮೊದಲನೆಯ ಮನೆಯ ಮುಂದೆ ಬಂದು ನಿಂತಾಗ ಅವರ ತಲೆ ಮೇಲೆದ್ದಿತು. ಎರಡನೆಯ ಮನೆಗೆ ಬರುವಷ್ಟರಲ್ಲಿ ತಲೆ ತಗ್ಗಿತು, ಮತ್ತೆ ಏಳಲಿಲ್ಲ. ಚಪ್ಪಾಳೆಯಾದಾಗ ಕುರ್ಚಿ ಖಾಲಿ. ಅವರ ಪಾಲಿನ ಚಹಾ ತಟ್ಟೆಯಲ್ಲೇ ಆರಿತು.

ದೊಡ್ಡಮ್ಮ ಮನೆಗೆ ಬಂದಳು. ಮಾತು ಬಂತು, ಹಾಡು ಬರಲಿಲ್ಲ. ಇನ್ನೂರು ಸಾಲೂ ಅಳಿಸಿಹೋಗಿತ್ತು. ಆದರೂ ನಾನು ಓದಿದರೆ ಇಲ್ಲದ್ದು ಯಾವುದು ಎಂದು ಗೊತ್ತಾಗುತ್ತಿತ್ತು.

"ಅವಳು ಯಾಕೆ ನನ್ನ ನೋಡೋಕೆ ಬರ್ಲಿಲ್ಲ?" ಎಂದು ಕೇಳುತ್ತಿದ್ದಳು.

"ಮಂಡಿ ನೋವಂತೆ," ಎಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಡುಗೆಮನೆಗೆ ಕರೆದು ಹೇಳಿದಳು, "ನಿಜ ಹೇಳಿಬಿಡಿ. ಬೈತಾರೆ, ಅಷ್ಟೆ ತಾನೆ?"

"ಹೇಳಿದ್ರೆ ಅವಳ ಎದೆ ಒಡೀತದೆ."

"ಅವರ ಎದೆಯೋ, ನಿಮ್ಮ ಮರ್ಯಾದೆಯೋ? ಸ್ವಲ್ಪ ನೋಡ್ಕೊಂಡು ಹೇಳಿ."

ನಾನು ಹೇಳಲಿಲ್ಲ. ಬದಲಿಗೆ ಮಾಡಬಾರದ್ದನ್ನು ಮಾಡಿದೆ. ಧಾಟಿ ಗೊತ್ತಿತ್ತಲ್ಲ, ಒಂದು ಬೆಳಗ್ಗೆ ಕೂತು ಹತ್ತು ಸಾಲು ನಾನೇ ಕಟ್ಟಿದೆ. ಹೆಂಡತಿಗೆ ತೋರಿಸಿದೆ. ಅವಳು ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಓದಿ, ಎಲ್ಲಿಯೂ ಗೆರೆ ಎಳೆಯದೆ ಹಿಂದಕ್ಕೆ ಕೊಟ್ಟಳು. "ಚೆನ್ನಾಗಿದೆ. ಅದೇ ಭಯ," ಎಂದಳು.

ಆ ದಿನ ದೊಡ್ಡಮ್ಮ "ಮೊದಲಿಂದ ಓದು" ಎಂದಾಗ ಪುಸ್ತಕದೊಳಗೆ ಚೀಟಿ ಇಟ್ಟುಕೊಂಡು ಓದಿದೆ.

"ಸೂಜಿಯ ಕಣ್ಣಲ್ಲಿ ಲೋಕವ ಕಂಡವಳು, ಗೋಡೆಯ ಆಚೆಗೆ ಬೆಳಕಾಗಿ ನಿಂತವಳು..."

ದೊಡ್ಡಮ್ಮನ ಮಡಿಸುವ ಕೈ ನಿಂತಿತು. ಸಂತೋಷವಾಯಿತೇನೋ ಎಂದು ನಾನು ದನಿ ಏರಿಸಿದೆ. ಹತ್ತೂ ಸಾಲು ಪೂರ್ತಿ ಕೇಳಿದಳು. ಆಮೇಲೆ ಕಷ್ಟಪಟ್ಟು ನನ್ನ ಕಡೆ ಹೊರಳಿದಳು.

"ಇದು ಯಾರು ಕಟ್ಟಿದ್ದು?"

"ನಿಂದೇ ದೊಡ್ಡಮ್ಮ."

"ನಂದಲ್ಲ. ಅವಳನ್ನ ನೋಡದೇ ಇರೋರು ಯಾರೋ ಕಟ್ಟಿದ್ದಾರೆ." ಉಸಿರು ತೆಗೆದುಕೊಂಡಳು. "ಅವಳಿಗೆ ಸೂಜಿ ಕಣ್ಣು ಕಾಣೋದೇ ಇಲ್ವೋ. ದಿನಾ ದಾರ ಪೋಣಿಸಿ ಕೊಡ್ತಿದ್ದೋಳು ನಾನು. ಲೋಕ ಕಂಡವಳಂತೆ!" ಎಂದು ಸಣ್ಣಗೆ ನಕ್ಕಳು. ನಗು ಹಾಗೇ ಇಳಿದುಹೋಯಿತು. "ನನ್ನ ಬಾಗಿಲು ತಂದು ಕೊಡೋ. ಅವಳಿಗೆ ಒಂದು ಸಲ ಕೇಳಿಸಿಬಿಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

ಕಮ್ಮಟಗಳಲ್ಲಿ ಎಷ್ಟೋ ಜನರ ಕವಿತೆಗಳಿಗೆ ನಾನು ತೀರ್ಪು ಕೊಟ್ಟಿದ್ದೇನೆ. ನನ್ನ ಕವಿತೆಗೆ ಅಂಥ ತೀರ್ಪು ಯಾರೂ ಕೊಟ್ಟಿರಲಿಲ್ಲ. ಚೀಟಿ ಹರಿದು ಜೇಬಿಗೆ ಹಾಕಿಕೊಂಡೆ. ಆ ಸಾಲುಗಳನ್ನು ಬಲ್ಲವರು ಇನ್ನು ಒಬ್ಬರೇ ಇದ್ದರು.

ಮಾರನೆಯ ಮಧ್ಯಾಹ್ನ ಟೈಲರಮ್ಮನ ಅಂಗಡಿಗೆ ಹೋದೆ. ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಒಂದು ಬಾಗಿಲಿನಷ್ಟೇ ಅಗಲದ ಜಾಗ. ಬಿಸ್ಕತ್ತಿನ ಡಬ್ಬಗಳಲ್ಲಿ ಗುಂಡಿಗಳು, ಮೊಳೆಗೆ ನೇತುಹಾಕಿದ ಶಾಲೆಯ ಸಮವಸ್ತ್ರಗಳು, ಸೀಮೆಸುಣ್ಣದ ಪುಡಿ. ಅವರು ಯಾರದೋ ಜಾಕೆಟ್ಟಿನ ಕೆಟ್ಟ ಜಿಪ್ಪು ಬಿಚ್ಚುತ್ತಿದ್ದರು.

"ಬನ್ನಿ ಸಾರ್, ಕೂತ್ಕೊಳ್ಳಿ."

ನನ್ನ ಆರನೆಯ ವಯಸ್ಸಿನಿಂದ ಅವರು ನನ್ನನ್ನು 'ಕಿವಿರಾಯ' ಎಂದೇ ಕರೆದವರು, ಏಕವಚನದಲ್ಲೇ ಬೈದವರು. ಆ ಬಹುವಚನ ಕೂರುವ ಮೊದಲೇ ಚುಚ್ಚಿತು.

"ನನಗೆ ಯಾಕೆ ಸಾರ್ ಅಂತೀರಿ?"

"ಮೈಕಿನ ಮುಂದೆ ನಿಲ್ಲೋರಿಗೆ ಮತ್ತೇನಂತಾರೆ? ಏನಾಗ್ಬೇಕಿತ್ತು? ಪ್ಯಾಂಟಿನ ಸೊಂಟ ಬಿಡಿಸ್ಬೇಕಾ? ಅದೇ ಇರ್ಬೇಕು, ನೋಡಿದ್ರೇ ಗೊತ್ತಾಗುತ್ತೆ."

"ದೊಡ್ಡಮ್ಮ ದಿನಾ ನಿಮ್ಮನ್ನ ಕೇಳ್ತಾಳೆ."

ಬ್ಲೇಡು ಹಿಡಿದ ಕೈ ನಿಂತಿತು. "ಮನೇಲಿ ಕೇಳ್ತಾಳೆ. ಪುಸ್ತಕದಲ್ಲಿ ನೆನಪಾಗ್ಲಿಲ್ಲ." ಮತ್ತೆ ದಾರ ಕೀಳತೊಡಗಿದರು. "ಪುಸ್ತಕ ಅಂದ ಮೇಲೆ ದೊಡ್ಡೋರೆಲ್ಲ ಓದ್ತಾರೆ, ನನ್ನಂಥವಳು ಯಾಕೆ ಅಂತ ತೆಗೆಸಿದ್ಲು ಅಂದ್ಕೊಂಡೆ. ಆಮೇಲೆ ಇಲ್ಲ, ಅವಳು ಅಂಥೋಳಲ್ಲ, ನಾನೇ ಏನೋ ತಪ್ಪು ಮಾಡಿರ್ಬೇಕು ಅನ್ನಿಸ್ತು. ನಲವತ್ತು ವರ್ಷದ್ದು ಒಂದೊಂದೇ ಹುಡುಕಿದೆ. ಅವಳ ಮದುವೆ ಬಟ್ಟೆ ಇಸ್ತ್ರೀಲಿ ಸುಟ್ಟಿದ್ದೆ, ಒಂದು ಬೆರಳಗಲ. ಅದೇ ಇರ್ಬೇಕು ಅಂದ್ಕೊಂಡೆ."

ನನಗೆ ಕೂರಲಾಗಲಿಲ್ಲ. ಎದ್ದು ನಿಂತೇ ಹೇಳಿದೆ. "ಅವಳು ತೆಗೆಸಿಲ್ಲ. ಅವಳು ಹೇಳೋಕೆ ಶುರುಮಾಡಿದ್ಲು. ಬೇಡ ಅಂದವನು ನಾನು. ಬರ್ಕೊಂಡೆ ಅಂತ ಸುಳ್ಳು ಹೇಳಿದವನೂ ನಾನೇ. ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ."

"ನೀನಾ?"

ಒಂದು ಕ್ಷಣ ನಾನು ಮತ್ತೆ ಕಿವಿರಾಯನಾಗಿದ್ದೆ.

"ಯಾಕೋ?"

ಗಂಟಲು ಸರಿಮಾಡಿಕೊಳ್ಳುವ ಕವಿಯ ವಿಷಯ ಆ ಅಂಗಡಿಯಲ್ಲಿ ಬಾಯಿಗೆ ಬರಲಿಲ್ಲ. "ಅದು ಹಾಡಿಗೆ ಸೇರಿದ್ದಲ್ಲ ಅಂದ್ಕೊಂಡೆ," ಎಂದೆ.

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಸರಿಮಾಡ್ತೀನಿ," ಎಂದೆ. "ಒಟ್ಟಿಗೇ ಅಚ್ಚಾಗೋ ಮೊದಲ ಹದಿನಾರು ಪುಟ ಮತ್ತೆ ಅಚ್ಚು ಹಾಕಿಸ್ತೀನಿ. ಉಳಿದಿರೋ ಪ್ರತಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿಸ್ತೀನಿ. ಆದ್ರೆ ದೊಡ್ಡಮ್ಮನಿಗೆ ಹಾಡು ಮರೆತುಹೋಗಿದೆ. ಇನ್ನು ಬರೋದಿಲ್ಲ ಅಂತ ಡಾಕ್ಟರ್ ಅಂದ್ರು. ಆ ಹತ್ತು ಸಾಲು ಗೊತ್ತಿರೋದು ನಿಮಗೊಬ್ಬರಿಗೇ."

"ಹದಿಮೂರು."

"ಏನು?"

"ಹದಿಮೂರು ಸಾಲು. ಎಷ್ಟು ಅಂತಲೂ ಎಣಿಸಿಲ್ವಾ?"

ನಾನು ನೋಟುಪುಸ್ತಕ ತೆಗೆದೆ. ಪೆನ್ನಿನ ಮುಚ್ಚಳ ತೆಗೆದೆ. ಅವರು ಆ ಪೆನ್ನನ್ನೇ ನೋಡಿದರು.

"ನನಗೆ ಈ ಹಾಡು ಕಲಿಸಿದವಳಿಗೆ ನಾನು ಕಟ್ಟಿದ ಬಾಗಿಲು ಬೇಕಾದ್ರೆ ಈಗಲೇ ಹೇಳ್ತೀನಿ, ಬರ್ಕೊಳ್ಳಿ. ಅದು ನಾನು ಹೇಳ್ಬೇಕಾದ್ದು. ಇದು ಅವಳು ನನ್ನ ಬಗ್ಗೆ ಹೇಳಿದ್ದು. ಅದನ್ನ ನಾನೇ ಕೂತು ಬರೆಸ್ಲಾ? ನನಗೆ ನಾನೇ ಚಪ್ಪಾಳೆ ಹೊಡ್ಕೊಳ್ಲಾ?"

"ಇಲ್ಲಾಂದ್ರೆ ಅದು ಹೋದ ಹಾಗೇ ಅಲ್ವಾ?"

"ಹೌದು. ಹೋದ ಹಾಗೇ."

"ನನಗೋಸ್ಕರ ಬೇಡ. ಅವಳು ಹಾಸಿಗೇಲಿ ಬಿದ್ಕೊಂಡು ಅದನ್ನೇ ಕೇಳ್ತಿದ್ದಾಳೆ."

"ಅವಳಿಗೆ ಏನು ಬೇಕೋ ಅವಳ ಹತ್ರಾನೇ ಕೇಳ್ಕೋತೀನಿ. ಸಂಜೆ ಬರ್ತೀನಿ ಅಂತ ಹೇಳಿ."

"ಬಂದಾಗ ಅವಳಿಗೆ ಆ ಸಾಲು ಹೇಳ್ತೀರಲ್ಲ? ನಾನು ಒಳಗೆ ಬರಲ್ಲ. ಆಚೆ ಕೂತು ಬರ್ಕೋತೀನಿ. ಒಂದೇ ಸಲ..."

ಟೈಲರಮ್ಮ ಕನ್ನಡಕ ಹಾಕಿಕೊಂಡರು. ಜಾಕೆಟ್ಟನ್ನು ಮಷಿನ್ನಿನ ಕೆಳಗೆ ತಳ್ಳಿ ಸೂಜಿ ಇಳಿಸಿದರು.

"ಇಲ್ಲ ಸಾರ್," ಎಂದರು. "ಹೇಳಲ್ಲ."