ಸಾಕ್ಷಿ ಓದಿದ ಕಾಗದ

ಆ ಮಂಗಳವಾರ ಕಳೆದರೆ ಮನೆಸಾಲದ ಒಪ್ಪಂದವನ್ನು ರದ್ದು ಮಾಡುವ ಹಕ್ಕೂ ಕಳೆದುಹೋಗುತ್ತಿತ್ತು. ಎಂಟು ವರ್ಷದ ಹಿಂದೆ ಎಲ್ಕೆ ಮತ್ತು ಫೋಲ್ಕರ್ ದಂಪತಿ ನೂರಕ್ಕೆ ಐದರ ಬಡ್ಡಿಯಲ್ಲಿ ತೆಗೆದ ಸಾಲ. ಹಿಂದೆ ಸರಿಯಲು ಎಷ್ಟು ದಿನವಿದೆ ಎಂಬುದನ್ನು ಬ್ಯಾಂಕು ಆಗ ಸರಿಯಾಗಿ ತಿಳಿಸಿರಲಿಲ್ಲ. ಹಾಗಾಗಿ ಈಗಲೂ ಹಿಂದೆ ಸರಿಯಬಹುದು, ಆದರೆ ಹೊಸ ಕಾನೂನಿನಂತೆ ಜೂನ್ ಇಪ್ಪತ್ತೊಂದೇ ಕೊನೆ ಎಂದು ಗ್ರಾಹಕರ ಹಕ್ಕುಗಳ ಸಲಹಾ ಕೇಂದ್ರದ ವಕೀಲೆ ಹೇಳಿದ್ದರು. ಬೇರೊಂದು ಬ್ಯಾಂಕು ನೂರಕ್ಕೆ ಒಂದೂವರೆ ಬಡ್ಡಿಗೆ ಕೊಡಲು ಸಿದ್ಧವಿತ್ತು. ಫೋಲ್ಕರನ ಕಾರ್ಖಾನೆ ವಾರಕ್ಕೆ ಮೂರೇ ದಿನ ನಡೆಯುತ್ತಿತ್ತು. ಹಳೆಯ ಕಂತೇ ಮುಂದುವರಿದರೆ ಚಳಿಗಾಲದೊಳಗೆ ಮನೆ ಮಾರಬೇಕು.

ಒಪ್ಪಂದ ರದ್ದು ಮಾಡುವ ಕಾಗದವನ್ನು ಬ್ಯಾಂಕಿನ ಅಂಚೆಪೆಟ್ಟಿಗೆಗೆ ಹಾಕುವಾಗ ಸಾಕ್ಷಿ ಬೇಕೆಂದು ಎಲ್ಕೆ ಪಕ್ಕದ ಮನೆಯ ಫ್ರೌ ಬ್ರೈಟ್ಲಿಂಗ್ ಅವರನ್ನು ಕರೆತಂದಿದ್ದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿದ್ದ ಹೆಂಗಸು. ಲಕೋಟೆ ನೋಡಿದವರೇ ತಲೆಯಾಡಿಸಿದರು.

"ಅಂಟಿಸಿದ್ದಲ್ಲದೆ ಟೇಪು ಬೇರೆ ಸುತ್ತಿದ್ದೀರಿ. ಒಳಗೆ ಖಾಲಿ ಹಾಳೆ ಇತ್ತು ಅಂತ ಬ್ಯಾಂಕಿನೋರು ಅಂದ್ರೆ ನಾನೇನು ಹೇಳ್ಲಿ? ಓದದೆ ಸಾಕ್ಷಿ ಆಗಲ್ಲಮ್ಮ."

ಎಲ್ಕೆಯ ಮುಖ ಬಿಸಿಯಾಯಿತು. ಸಾಲದ ಮೊತ್ತ ಅವಳ ತಾಯಿಗೂ ಗೊತ್ತಿರಲಿಲ್ಲ. ಆ ಬೀದಿಯಲ್ಲಿ ಯಾರೂ ಇನ್ನೊಬ್ಬರ ಸಂಬಳ, ಸಾಲ ಕೇಳಿದವರಲ್ಲ. ಆದರೂ ಲಕೋಟೆ ಹರಿದು ಕೊಟ್ಟಳು. ಬ್ಯಾಂಕಿನೆದುರಿನ ಚೌಕದ ಬೆಂಚಿನ ಮೇಲೆ ಕೂತು ಫ್ರೌ ಬ್ರೈಟ್ಲಿಂಗ್ ಸಾಲುಸಾಲಾಗಿ ಓದಿದರು. ಮೊತ್ತ ಬಂದಲ್ಲಿ ನಿಲ್ಲಿಸಲಿಲ್ಲ. ಕೊನೆಯಲ್ಲಿ ನಿಲ್ಲಿಸಿದರು.

"ಸಾಲ ಇಬ್ಬರ ಹೆಸರಲ್ಲಿದೆ. ಸಹಿ ನಿಮ್ಮದೊಂದೇ ಇದೆ."

ಟೇಪು ಸುತ್ತಿದವನು ಫೋಲ್ಕರ್. ಯಾಕೆ ಸುತ್ತಿದನೆಂದು ಎಲ್ಕೆಗೆ ಆಗ ಹೊಳೆಯಿತು. ಫೋನು ಮಾಡಿ, ಬೈಯದೆ, ಬ್ಯಾಂಕಿನ ಹತ್ತಿರ ಬಾ ಎಂದಷ್ಟೇ ಹೇಳಿದಳು. ಹತ್ತು ನಿಮಿಷದಲ್ಲಿ ಅವನು ಸೈಕಲ್ ತುಳಿದು ಬಂದ. ಆ ಸಾಲ ಕೊಡಿಸಿದ ಬ್ಯಾಂಕ್ ನೌಕರ ಮೆರ್ಕ್ಲೆ ಪ್ರತಿ ಗುರುವಾರ ಗಾಯನ ಸಂಘದಲ್ಲಿ ಅವನ ಪಕ್ಕದಲ್ಲೇ ನಿಂತು ಹಾಡುವವನು.

"ಮಗಳು ಹುಟ್ಟಿದಾಗ ಮೊದಲು ಹೂ ತಂದೋನು ಅವನೇ. ಅವನ ಮುಖ ಹೇಗೆ ನೋಡ್ಲಿ, ಎಲ್ಕೆ?"

ಎಲ್ಕೆ ಹೊಂದಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಂಗೆ ಭಯ ಆಗ್ತಿದೆ, ಫೋಲ್ಕರ್. ದಿನಾ ಬೆಳಿಗ್ಗೆ ಆಗತ್ತೆ," ಎಂದಳು.

"ಸಹಿ ಹಾಕದಿದ್ರೂ ಗುರುವಾರ ಅವನ ಪಕ್ಕದಲ್ಲೇ ನಿಂತ್ಕೋಬೇಕು," ಎಂದರು ಫ್ರೌ ಬ್ರೈಟ್ಲಿಂಗ್. "ಮನೆ ಉಳಿಸ್ಕೊಂಡೇ ನಿಂತ್ಕೊಳ್ಳಿ."

ಅವನು ಅವರ ಕೈಚೀಲದ ಮೇಲೆ ಹಾಳೆಯಿಟ್ಟು ಸಹಿ ಮಾಡಿದ. ಅವರು ಮತ್ತೊಮ್ಮೆ ಮೊದಲಿನಿಂದ ಓದಿ, ತಮ್ಮದೇ ಲಕೋಟೆಗೆ ಸೇರಿಸಿ, ಪೆಟ್ಟಿಗೆಗೆ ಹಾಕಿ, ಎಲ್ಕೆಯ ಬಳಿಯಿದ್ದ ಪ್ರತಿಯ ಮೇಲೆ ನಾಲ್ಕು ಗಂಟೆ ಹನ್ನೆರಡು ನಿಮಿಷ ಎಂದು ಬರೆದರು.

ಗಾಜಿನಾಚೆ ಮೇಜಿನಲ್ಲಿದ್ದ ಮೆರ್ಕ್ಲೆ ಗೆಳೆಯನನ್ನು ಕಂಡು ಕೈಬೀಸಿದ. ಫೋಲ್ಕರ್ ಕೈಯೆತ್ತಿದ, ಇಳಿಸಲು ತೋಚದೆ ಹಾಗೇ ನಿಂತ. ಎಲ್ಕೆ ಪಕ್ಕಕ್ಕೆ ಬಂದು ತಾನೂ ಕೈಯೆತ್ತಿದಳು.