ಕೆರೆದಂಡೆಯ ಪುದಿಯಾಪ್ಲೆ

ಇಜಾಝ್‌ನ ರಜೆಯ ಕೊನೆಯ ದಿನ ಅದು. ಮರುದಿನ ಬೆಳಿಗ್ಗೆ ದುಬೈ ವಿಮಾನ. ನಾಲ್ಕು ವರ್ಷದ ಮಗಳು ನಜ್ಲಾ ಇನ್ನೂ ಒಂದೇ ಒಂದು ಸಲವೂ ಅವನ ತೋಳಿಗೆ ಬಂದಿರಲಿಲ್ಲ.

ಕೈಗೂಸಾಗಿದ್ದಾಗ ಬಿಟ್ಟುಹೋದ ಮಗು. ಅವಳಿಗೆ ಅಪ್ಪ, ಅವಳ ಮಾತಿನಲ್ಲಿ ಉಪ್ಪ, ಎಂದರೆ ಪ್ರತಿ ಸಂಜೆ ವಿಡಿಯೋ ಕಾಲಿನಲ್ಲಿ ನಗುವ ಒಂದು ಮುಖ. ಎದುರಿಗೆ ಬಂದು ನಿಂತ, ಅತ್ತರಿನ ವಾಸನೆಯ ಈ ಎತ್ತರದ ಮನುಷ್ಯ ಬೇರೆ ಯಾರೋ. ಬೋಳಾರದ ಮಾವನ ಮನೆಯಲ್ಲಿ ಅವನನ್ನು ಇಂದಿಗೂ ಪುದಿಯಾಪ್ಲೆ, ಅಂದರೆ ಮದುಮಗ, ಎಂದೇ ಕರೆಯುವುದು. ಬ್ಯಾರಿಗಳ ಮನೆಯಲ್ಲಿ ಅಳಿಯನಿಗೆ ಅಷ್ಟು ಸುಲಭವಾಗಿ ವಯಸ್ಸಾಗುವುದಿಲ್ಲ. ಮಗುವೂ ಅದನ್ನೇ ಕಲಿತುಕೊಂಡಿತು. "ಪುದಿಯಾಪ್ಲೆಗೆ ಚಾ ಬೇಕಂತೆ" ಎಂದು ಅವಳು ಅಡುಗೆಮನೆಗೆ ಸುದ್ದಿ ಮುಟ್ಟಿಸಿದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅವನು ಮಾಡದ ಸರ್ಕಸ್ಸಿಲ್ಲ. ಗೊಂಬೆ ಆಯಿತು, ಚಾಕಲೇಟು ಆಯಿತು, ಆನೆಯಾಗಿ ನಾಲ್ಕು ಕಾಲಲ್ಲಿ ನಡೆದದ್ದೂ ಆಯಿತು. ಒಮ್ಮೆ ಫೋನಿನಲ್ಲಿ ತನ್ನ ಮುಖ ತೋರಿಸಿ, ಪಕ್ಕಕ್ಕೇ ನಿಜವಾದ ಮುಖ ತಂದು, "ನೋಡು, ಇಬ್ಬರೂ ಒಬ್ಬರೇ" ಎಂದ. ಎರಡು ಮುಖ ಕಂಡ ಮಗು ಕಿರುಚಿಕೊಂಡು ಅಜ್ಜ ಅಹ್ಮದ್ ಬಾವರ ಲುಂಗಿಯ ಹಿಂದೆ ಅಡಗಿತು. ರಾತ್ರಿ ಜ್ವರವೂ ಬಂತು. "ಬರ್ತಾಳೆ, ಅವಸರ ಎಂತದು?" ಎಂದರು ಮಾವ. ದಿನವಿಡೀ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡವರಿಗೆ ಹಾಗೆ ಹೇಳುವುದು ಸುಲಭ.

ಕೊನೆಗೆ ಅವನಿಗೆ ಹೊಳೆದದ್ದು ಒಂದು ಕಪಟದ ಉಪಾಯ. ಪಿಲಿಕುಳದ ಗುಡ್ಡದಲ್ಲಿ ಕೆರೆಯ ಸುತ್ತ ಮಕ್ಕಳು ಮರಿಯೆಲ್ಲ ಆರಾಮವಾಗಿ ನಡೆಯುವಂಥ ದಾರಿ ಇದೆ. ಅಲ್ಲಿ ಮಗುವನ್ನು ಚೆನ್ನಾಗಿ ದಣಿಸುವುದು. ಅಜ್ಜ ಜೊತೆಗಿರಬಾರದು, ತಾಯಿ, ಅವಳ ಉಮ್ಮ, ಕಾಲುನೋವೆಂದು ಗೇಟಿನ ಬಳಿಯೇ ಕೂರಬೇಕು. ಕಾಲು ಸೋತ ಮೇಲೆ ಇನ್ನಾರ ಹತ್ತಿರ ಹೋಗುತ್ತಾಳೆ?

"ನಿಮಗೆ ನಾಚಿಕೆ ಇಲ್ವಾ? ಸಣ್ಣ ಮಗು ಅದು" ಎಂದಳು ಹೆಂಡತಿ ರಮ್ಲಾ.

"ಇಲ್ಲ" ಎಂದ. ನಿಜಕ್ಕೂ ಇರಲಿಲ್ಲ. ಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ ಹೋಗಿ ಮತ್ತೆ ವರ್ಷಗಟ್ಟಲೆ ದುಬೈಯ ಆ ರೂಮಿನಲ್ಲಿ ಮಲಗುವುದು ಅವನಿಂದ ಆಗುವ ಮಾತಾಗಿರಲಿಲ್ಲ.

ಆಚೆ ದಂಡೆಯ ಬಾತುಕೋಳಿಯ ಆಸೆಗೆ ನಜ್ಲಾ ಹೊರಟಳು. ವಿಡಿಯೋ ತೆಗೆಯಲೆಂದು ಉಮ್ಮನ ಫೋನು ಕೈಯಲ್ಲಿ, ಅವನಿಂದ ಮಾರು ದೂರ. ದಂಡೆಯ ದಾರಿ ಸಲೀಸಾಗಿತ್ತು. ಅವನೇ ಬೇಕೆಂದು ಕೆಂಪುಕಲ್ಲಿನ ಏರಿಗೆ ತಿರುಗಿಸಿದ. ಬಿಸಿಲು ಚುರುಗುಟ್ಟಿತು. ಮಗುವಿನ ಹಣೆ ಬೆವರಿತು.

"ಎತ್ತಿಕೊಳ್ಳಲಾ ಮಗಾ?"

"ಬೇಡ."

ಮತ್ತೂ ನಡೆಸಿದ. ನಾನೆಂಥ ಪಾಪಿ ಎಂದು ತನ್ನನ್ನೇ ಬೈದುಕೊಂಡ, ಬೈದುಕೊಳ್ಳುತ್ತಲೇ ನಡೆಸಿದ.

ಕೊನೆಗೆ ಅವಳು ದಾರಿಯ ಮಧ್ಯದಲ್ಲೇ ಕುಸಿದು ಕುಳಿತಳು. ತುಟಿ ನಡುಗುತ್ತಿತ್ತು. ಅವನು ಮಂಡಿಯೂರಿ ಎರಡೂ ಕೈ ಚಾಚಿದ. ಅವಳು ಆ ಕೈಗಳನ್ನು ನೋಡಿದಳು, ಹಿಂದೆ ಸರಿದಳು, ಫೋನಿನಲ್ಲಿ ಉಪ್ಪನ ಫೋಟೋ ಒತ್ತಿದಳು.

ಅವನ ಕಿಸೆಯಲ್ಲಿ ಫೋನು ಗುಯ್‌ಗುಟ್ಟಿತು. ಮತ್ತೆ ಎರಡು ಮುಖ ಕಂಡು ಹೆದರಿದರೆ? "ಇಲ್ಲೇ ಕೂತಿರು, ಈಗ ಬಂದೆ" ಎಂದವನೇ ಹತ್ತಿರದ ಗೇರುಮರದ ಹಿಂದೆ ಓಡಿ ಕಾಲ್ ತೆಗೆದ.

"ಉಪ್ಪಾ!" ಎಂದಳು ನಜ್ಲಾ ಪರದೆಯಿಂದ. ಆ ಸ್ವರದ ಖುಷಿಯನ್ನು ಅವನು ಊರಿಗೆ ಬಂದ ಮೇಲೆ ಕೇಳಿಯೇ ಇರಲಿಲ್ಲ. ಮರುಕ್ಷಣ ಅಳು. "ನೀನು ಯಾಕೆ ಫೋನೇ ಮಾಡುದಿಲ್ಲ? ಉಮ್ಮನ ಹತ್ರ ಕೇಳಿದ್ರೆ ಉಪ್ಪ ಇಲ್ಲೇ ಇದ್ದಾರಲ್ಲ ಅಂತ ಸುಳ್ಳು ಹೇಳ್ತಾರೆ. ಈ ಪುದಿಯಾಪ್ಲೆ ಬಂದ ಮೇಲೆ ನೀನು ಬರ್ಲೇ ಇಲ್ಲ."

ಮನೆಗೆ ಬಂದವನು ಮನೆಗೆ ಫೋನ್ ಯಾಕೆ ಮಾಡುತ್ತಾನೆ? ಅಷ್ಟು ದಿನವೂ ಅವಳು ಮುಖ ತಿರುಗಿಸಿದ್ದು ಬರಿಯ ನಾಚಿಕೆಯಿಂದಲೋ ಹೆದರಿಕೆಯಿಂದಲೋ ಅಲ್ಲ. ಅವಳ ಉಪ್ಪ ಕಳೆದುಹೋಗಿದ್ದ, ಅದಕ್ಕೆ ಕಾರಣ ಈ ಮನುಷ್ಯನಾಗಿದ್ದ.

"ಕಾಲು ನೋವಾಗ್ತದೆ ಉಪ್ಪಾ."

"ಅಲ್ಲಿ ಇದ್ದಾರಲ್ಲ, ಅವರ ಹತ್ರ ಹೇಳು. ಎತ್ತಿಕೊಳ್ತಾರೆ."

"ಬೀಳಿಸಿದ್ರೆ?"

"ಬೀಳಿಸುದಿಲ್ಲ ಮಗಾ. ನನಗೆ ಅವರ ಗುರ್ತ ಉಂಟು."

"ನಾಳೆ ಫೋನ್ ಮಾಡ್ತೀಯಾ?"

"ನಾಳೆಯಿಂದ ದಿನಾ ಮಾಡ್ತೇನೆ."

ಕಣ್ಣು ಒರೆಸಿಕೊಂಡು ಅವನು ಮರದ ಮರೆಯಿಂದ ಈಚೆ ಬಂದ. ನಜ್ಲಾ ಎದ್ದು ನಿಂತು ಎರಡೂ ಕೈ ಮೇಲೆತ್ತಿದ್ದಳು. "ಉಪ್ಪ ಹೇಳಿದ್ದಾರೆ. ನೀವು ಎತ್ತಬೇಕಂತೆ."

ಎತ್ತಿಕೊಂಡ. ಬೆವರು, ಪೌಡರಿನ ವಾಸನೆ. ಅವನು ಎಣಿಸಿದ್ದಕ್ಕಿಂತ ಹಗುರ. ಅವಳು ಮಾತ್ರ ಬಸ್ಸಿನ ಸೀಟಿನಲ್ಲಿ ಕುಳಿತ ಹಾಗೆ, ಕೈ ತಾಗಿಸದೆ, ಮೈ ಬಿಗಿಹಿಡಿದು ಕುಳಿತಿದ್ದಳು. ಅವನು ಇಳಿಜಾರಿನಲ್ಲಿ ಆದಷ್ಟು ನಿಧಾನವಾಗಿ ಇಳಿದ.

"ನೀವು ನಾಳೆ ಹೋಗ್ತೀರಂತಲ್ಲಾ?" ಎಂದಳು.

"ಹೌದು ಮಗಾ."

"ನಿಜವಾಗಿ?"

"ನಿಜವಾಗಿ."

ಆಗ ಮಗು ಸಂತೋಷ ತಡೆಯಲಾರದೆ ಅವನ ಕುತ್ತಿಗೆಗೆ ಎರಡೂ ಕೈ ಸುತ್ತಿ, ಕೆನ್ನೆಗೆ ಕೆನ್ನೆ ಒತ್ತಿ, ಗಟ್ಟಿಯಾಗಿ ಅಪ್ಪಿಕೊಂಡಿತು.