ಜಾಲಿಯ ಹಸಿರು

ನಾನು ಅಂಗೈಯಗಲದ ಒಂದು ಜಿಪಿಎಸ್ ಯಂತ್ರ. ನಿಂತ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ಹೇಳುವುದು ನನ್ನ ಕೆಲಸ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಮೊದಲ ನಾಲ್ಕು ವರ್ಷ ರಸ್ತೆ ಅಳೆಯುವ ಎಂಜಿನಿಯರರೊಬ್ಬರ ಜೀಪಿನಲ್ಲಿ ಧೂಳು ಕುಡಿದೆ. ನಿವೃತ್ತರಾಗುವಾಗ ಅವರು ನನ್ನನ್ನು ಒಂದು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಲ್ಲಿ ನಸ್ರೀನ್ ಎಂಬ ಸಂಶೋಧಕಿಯ ಕೈ ಸೇರಿದೆ.

ಆಗ ಅವರ ತಂಡದವರು ಉಪಗ್ರಹದ ಚಿತ್ರಗಳನ್ನಿಟ್ಟುಕೊಂಡು, ಬರಕ್ಕೆ ಬೇಗ ತುತ್ತಾಗುವ ಊರುಗಳ ನಕ್ಷೆಯೊಂದನ್ನು ಇಡೀ ದೇಶಕ್ಕೆ ತಯಾರಿಸುತ್ತಿದ್ದರು. ನಕ್ಷೆಯಲ್ಲಿ ಕೆಂಪು ಬಿದ್ದ ಊರಿನ ಕೆರೆಗೆ ಮೊದಲು ಹೂಳೆತ್ತುವುದೆಂದು ತೀರ್ಮಾನವಾಗಿತ್ತು. ಚಿತ್ರದುರ್ಗದಾಚೆಯ ಬೆಳಗಲ್ಲಹಟ್ಟಿ ಚಿತ್ರದಲ್ಲಿ ಹಸಿರಾಗಿ ಕಂಡಿದ್ದರಿಂದ ಅಪಾಯವಿಲ್ಲದ ಊರುಗಳ ಪಟ್ಟಿ ಸೇರಿತ್ತು. ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ನಸ್ರೀನ್ ನನ್ನನ್ನು ಹಿಡಿದು ಹೊರಟರು.

ಕೆರೆಯಂಗಳದಲ್ಲಿ ಬೋರಕ್ಕ ಎಂಬ ಹೆಂಗಸು ಮೇಕೆ ಕಾಯುತ್ತಿದ್ದಳು. "ಇಲ್ಲಿ ಬೆಳೆ ಚೆನ್ನಾಗಿದೆ ಅಂತ ಚಿತ್ರದಲ್ಲಿ ಕಾಣ್ತಿದೆ" ಎಂದರು ನಸ್ರೀನ್.

"ಬೆಳೆ ಎಲ್ಲೈತವ್ವ? ಇದು ಬಳ್ಳಾರಿ ಜಾಲಿ. ಮಳೆ ಹೋದ್ರೂ ಹಸ್ರಾಗೇ ಇರ್ತೈತೆ. ಇದರ ಎಲೆನ ಮೇಕೆನೂ ಮೂಸಲ್ಲ. ಕೆರೆ ಬತ್ತಿ ಮೂರು ವರ್ಸ ಆತು."

ನಸ್ರೀನ್ ಅಲ್ಲಿಂದಲೇ ತಮ್ಮ ಪ್ರಾಧ್ಯಾಪಕರಿಗೆ ಫೋನ್ ಮಾಡಿದರು. "ಒಂದು ಊರಿನ ಮಾತು ಕೇಳಿ ದೇಶದ ನಕ್ಷೆ ತಿದ್ದೋಕಾಗಲ್ಲಮ್ಮ. ಪುರಾವೆ ತಗೊಂಡು ಬಾ" ಎಂದರು ಅವರು.

ಒಂಬತ್ತು ದಿನ ಸುತ್ತಲ ಊರುಗಳಲ್ಲೆಲ್ಲ ನಡೆದೆವು. ಮುಂದೆ ಬೋರಕ್ಕ, ಹಿಂದೆ ನಸ್ರೀನ್, ಅವರ ಬೆವತ ಮುಷ್ಟಿಯಲ್ಲಿ ನಾನು. ಬೋರಕ್ಕ ಕೈ ತೋರಿದ ಪ್ರತಿ ಜಾಲಿ ಮೆಳೆಯನ್ನೂ ಗುರುತು ಹಾಕಿಕೊಂಡೆ. ಬಿಸಿಲಿಗೆ ಎರಡು ಸಲ ಕಣ್ಣು ಕತ್ತಲಿಟ್ಟು ಆರಿಹೋದೆ. ನಸ್ರೀನ್ ನನ್ನನ್ನು ಸೆರಗಿನಲ್ಲಿ ಸುತ್ತಿ ತಂಪು ಮಾಡಿದರು.

ಆ ಜಾಗಗಳ ಇಡೀ ವರ್ಷದ ಉಪಗ್ರಹ ಚಿತ್ರಗಳನ್ನು ಸಾಲಾಗಿಟ್ಟಾಗ ವಿಷಯ ತಿಳಿಯಾಯಿತು. ಬೆಳೆ ಹಸಿರಾಗಿ, ಮಾಗಿ, ಒಣಗುತ್ತದೆ. ಜಾಲಿ ಬೇಸಗೆಯಲ್ಲೂ ಹಾಗೇ ನಿಂತಿರುತ್ತದೆ. ಪ್ರಾಧ್ಯಾಪಕರು ಒಂದೊಂದೇ ಚಿತ್ರವನ್ನು ಹೋಲಿಸಿ ನೋಡಿದರು. "ತಪ್ಪು ನಮ್ಮದೇ ಕಣಮ್ಮ" ಎಂದರು. ಹಸಿರನ್ನು ಲೆಕ್ಕ ಹಾಕುವ ಕ್ರಮ ಬದಲಾಯಿತು. ಬೆಳಗಲ್ಲಹಟ್ಟಿಯ ಜೊತೆಗೆ, ನಾನೆಂದೂ ಕಾಣದ ಎಷ್ಟೋ ಊರುಗಳು ಕೆಂಪಾದವು. ಕೆಂಪು ಬಿದ್ದದ್ದಕ್ಕೆ ಜನ ಸಮಾಧಾನಪಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು.

ಎರಡು ವರ್ಷದ ಮೇಲೆ ಮತ್ತೆ ಅಲ್ಲಿಗೆ ಹೋದೆವು. ಜಾಲಿ ಕಿತ್ತು ಹೂಳೆತ್ತಿದ ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು, ದಡದಲ್ಲಿ ಮೇಕೆಗಳು ಕುಡಿಯುತ್ತಿದ್ದವು. "ಇದನ್ನೂ ಅದ್ರಾಗೆ ಬರ್ಕೊಳವ್ವ" ಎಂದಳು ಬೋರಕ್ಕ, ನನ್ನತ್ತ ಕೈ ತೋರಿ. ನಾನು ಹಾಕಿಕೊಂಡ ಕೊನೆಯ ಗುರುತು ಅದು.

ಈಗ ಆ ಕೆಲಸಕ್ಕೆ ಫೋನುಗಳೇ ಸಾಕು. ನಾನು ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿದ್ದೇನೆ. ಎದುರಿನ ಪರದೆಯಲ್ಲಿ ವಿದ್ಯಾರ್ಥಿಗಳು ಹೊಸ ಚಿತ್ರಗಳನ್ನು ತೆರೆದಾಗ ಬೆಳಗಲ್ಲಹಟ್ಟಿಯ ಬಳಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಅದು ನೀರು. ಆಕಾಶದ ಕಣ್ಣಿಗೆ ಅದು ಚುಕ್ಕೆಯಾದರೂ, ಅದರ ದಡದಲ್ಲಿ ಎಷ್ಟು ಮೇಕೆಗಳು ನೀರಿಗೆ ಬಾಯಿಟ್ಟಿದ್ದವೆಂದು ನನಗೆ ಗೊತ್ತು.